ತೊಗರಿ ಮಾರಲು ಅವಸರವೇಕೆ?

ಸೂಪರ್ ಮಾರ್ಕೆಟ್‌ನಲ್ಲಿ ತೊಗರಿಬೇಳೆ ಪೊಟ್ಟಣ ಕೈಗೆತ್ತಿಕೊಂಡಾಗಲೆಲ್ಲ ನಾವು ಬೆಲೆ ನೋಡಿ ಗೊಣಗುತ್ತೇವೆ. ಕಲಬುರಗಿ ಕಡೆಯ ನಮ್ಮ ಗೆಳೆಯರಿಗೆ ಮನೆಯಿಂದ ಬರುವ ಫೋನಿನ ಮಾತೇ ಬೇರೆ: “ರಾಶಿ ಆಗ್ಯಾದ, ತೊಗರಿ ಮಾರೀವಿ. ರೊಕ್ಕ ಸಾಲಕ್ಕ ಹೋತು.” ತಿನ್ನುವವರಿಗೆ ದುಬಾರಿ, ಬೆಳೆದವರಿಗೆ ನಷ್ಟ. ಇದು ಹೇಗೆ?

ಕಲ್ಯಾಣ ಕರ್ನಾಟಕದ ಕಷ್ಟ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಮುಂದೆ ಸಂವಿಧಾನದ 371(ಜೆ) ವಿಧಿಯಿಂದ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿತು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಮಾನ್ಯತೆಯೂ ಬಂತು. ಆದರೆ ಹೆಸರು ಬಂದ ಮಾತ್ರಕ್ಕೆ ದರ ಬರುವುದಿಲ್ಲ.

ತೊಗರಿ ಹೆಚ್ಚಾಗಿ ಮಳೆ ನಂಬಿದ ಬೆಳೆ. ಜೂನ್-ಜುಲೈನಲ್ಲಿ ಬಿತ್ತಿದ್ದು ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುತ್ತದೆ. ಹೂ ಬಿಡುವಾಗ ತೇವ ಆರಿದರೆ, ಇಲ್ಲವೇ ನೆಟೆ ರೋಗ ತಗುಲಿದರೆ, ಇಳುವರಿ ಕುಸಿಯುತ್ತದೆ. ಉಳಿದ ಕಾಳನ್ನು ಎಲ್ಲರೂ ಒಟ್ಟಿಗೇ ಮಾರುಕಟ್ಟೆಗೆ ತರುವುದರಿಂದ ದರ ಇಳಿಯುತ್ತದೆ. ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟ ಅಂಗಡಿಯವರು ಕಾಯುತ್ತಿರುತ್ತಾರೆ. ರೈತನಿಗೆ ಮಾತ್ರ ಕಾಯುವ ಶಕ್ತಿ ಇಲ್ಲ.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುವ ನಮಗೆ ದಾಸ್ತಾನಿನ ಬೆಲೆ ಗೊತ್ತು. ಮಾತ್ರೆಯಂತೆ ಕಾಳಿಗೂ ಒಣ ಜಾಗ ಬೇಕು. ಮನೆಯ ಮೂಲೆಯಲ್ಲಿಟ್ಟ ಚೀಲಕ್ಕೆ ಹುಳು ಬೀಳುತ್ತದೆ. ಹೋಬಳಿಗೊಂದು ಒಳ್ಳೆಯ ಗೋದಾಮು, ಅಲ್ಲಿಟ್ಟ ಕಾಳಿನ ರಸೀದಿಯ ಮೇಲೆ ಬ್ಯಾಂಕ್ ಸಾಲ, ಇವೆರಡೂ ಕೈಗೆಟುಕಬೇಕು. ಉಗ್ರಾಣ ರಸೀದಿಗೆ 2007ರ ಕಾಯ್ದೆಯ ಬಲವಿದೆ. ಅದು ಸಣ್ಣ ರೈತನವರೆಗೆ ಮುಟ್ಟಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ರಾಶಿಗೆ ಮೊದಲೇ ತೆರೆಯಬೇಕು. ಹೂ ಬಿಡುವ ಹೊತ್ತಿಗೆ ಒಂದು ನೀರು ಕೊಡಲು ಕೃಷಿ ಹೊಂಡ ಬೇಕು. ಸಾಲ ಮನ್ನಾ ಒಂದು ವರ್ಷದ ಉಸಿರು. ಈ ವ್ಯವಸ್ಥೆ ಇದ್ದರೆ ಪ್ರತಿವರ್ಷದ ಆಸರೆ.

ನಾವೇನು ಮಾಡಬಹುದು? ಹೊಲ ಸಾಕಾಗದೆ ಇಲ್ಲಿಗೆ ಬಂದವರು ನಮ್ಮಲ್ಲಿ ಅನೇಕರು. ಬತ್ತಿದ ಕೊಳವೆಬಾವಿಗೆ ಸುರಿದ ದುಡಿಮೆಯೂ ನಮ್ಮದೇ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅಲ್ಲಿ ತೊಗರಿ ಹೂವು, ಕಾಯಿಯಲ್ಲಿರುತ್ತದೆ. ಇನ್ನೊಂದು ಬೋರ್ ಹಾಕಿಸುವ ಮೊದಲು, ರಾಶಿಯ ತಿಂಗಳ ಮನೆಖರ್ಚಿಗೆ ಸ್ವಲ್ಪ ಹಣ ಕಳಿಸೋಣ. ದರ ಏರಿಯೇ ಏರುತ್ತದೆಂಬ ಖಾತ್ರಿಯಿಲ್ಲ, ನಿಜ. ಆದರೆ ಯಾವಾಗ ಮಾರಬೇಕೆಂದು ಹೇಳುವವರು ಸಾಲ ಕೊಟ್ಟವರಲ್ಲ, ಬೆಳೆದ ಅಪ್ಪ-ಅವ್ವ ಆಗಲಿ.