ಯಂತ್ರವಿದ್ಯೆಯೂ ಪರದೇಶವಾಸವೂ

(ಬಾನುಲಿ ಭಾಷಣ)

ನಾನಿರುವ ಊರು ವಕ್ಕಲೇರಿ. ಕೋಲಾರದ ಆಚೆಗೆ ಈ ಹೆಸರನ್ನು ಬಲ್ಲವರು ಹೆಚ್ಚಾಗಿ ಶಾಸನಗಳನ್ನು ಓದುವವರು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಹೊರಡಿಸಿದ ತಾಮ್ರಶಾಸನ ದೊರೆತದ್ದು ಇಲ್ಲಿ. ಅದರಲ್ಲಿ ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ವರ್ಣನೆಯಿದೆ. ವಿಜಯದ ವರ್ಣನೆ ಯಾವ ಶಾಸನದಲ್ಲಿಲ್ಲ! ಆದರೆ ಇದರ ಮಾತು ಬೇರೆ. ಅರಸನು ಕಂಚಿಯನ್ನು ಹೊಕ್ಕರೂ ಅದನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ದೇವಾಲಯದ ಹೊನ್ನಿನ ರಾಶಿಯನ್ನು ಆ ದೇವರಿಗೇ ಹಿಂದಿರುಗಿಸಿದನು ಎಂದು ಶಾಸನ ಹೇಳುತ್ತದೆ. ಆ ದೇವಾಲಯವನ್ನೇ ನಾವಿಂದು ಕೈಲಾಸನಾಥವೆಂದು ಕರೆಯುತ್ತೇವೆ. ಅಲ್ಲಿಯ ಕಂಬವೊಂದರ ಮೇಲೆ ಆ ಅರಸನ ಕನ್ನಡ ಶಾಸನವೂ ಇದೆ.

ಮುಂದಿನ ಕಥೆ ಪಟ್ಟದಕಲ್ಲಿನದು. ಕಂಚಿಯ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಅಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕೈಲಾಸನಾಥದ ವಿನ್ಯಾಸದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯ ಶಿಲ್ಪಿಯೊಬ್ಬನನ್ನು ಶಾಸನ ದಕ್ಷಿಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳುತ್ತದೆ. ಪರರ ನಾಡನ್ನು ಕೆಡಿಸದೆ, ಅದರ ಮುಂದೆ ನಿಂತು ನೋಡಲು ಬಲ್ಲವರಿಗೆ ಮಾತ್ರ ಆ ನಾಡಿನ ವಿದ್ಯೆ ದಕ್ಕುತ್ತದೆ ಎಂಬುದು ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ನನಗೆ ಹೊಳೆಯುವ ಅರ್ಥ.

ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪರದೇಶಕ್ಕೆ ಹೋಗಿ ಏನನ್ನು ಕಲಿತು ಬರಬೇಕು ಎಂಬ ಇಂದಿನ ವಿಷಯಕ್ಕೆ ಇಷ್ಟು ದೂರದಿಂದ ಬಂದೆನೆಂದು ಕೇಳುಗರು ಬೇಸರಿಸಬಾರದು. ಈ ಪ್ರಶ್ನೆ ನನ್ನ ಮನೆಯ ಜಗುಲಿಯ ಮೇಲೆಯೇ ಎದ್ದದ್ದು.

ಚಿಕ್ಕಂದಿನಲ್ಲಿ ನನ್ನ ಬಳಿಗೆ ಪಾಠಕ್ಕೆ ಬರುತ್ತಿದ್ದ ಈ ಕಡೆಯ ಹುಡುಗನೊಬ್ಬ ಇಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆ ಜರ್ಮನಿಗೆ ಹೋದ. ತಂದೆ ಹಿಪ್ಪುನೇರಳೆ ತೋಟವನ್ನು ಒತ್ತೆಯಿಟ್ಟು ಹಣ ಹೊಂದಿಸಿದ್ದರು. ಇಂಗ್ಲಿಷಿನಲ್ಲೇ ಪಾಠ ನಡೆಯುವ ತರಗತಿಯಾದ್ದರಿಂದ ಅಂಕಗಳೇನೋ ಚೆನ್ನಾಗಿಯೇ ಬಂದವು. ಎಡವಿದ್ದು ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಹೋದಾಗ. ಮೇಲ್ವಿಚಾರಕರು ಒಂದು ಪರೀಕ್ಷೆಯ ಕ್ರಮವನ್ನು ವಿವರಿಸಿ, “ತಿಳಿಯಿತೆ?” ಎಂದು ಕೇಳಿದರು. ಇವನಿಗೆ ಅರ್ಧ ತಿಳಿದಿತ್ತು; ಆದರೂ ತಲೆಯಾಡಿಸಿದ. ಎರಡು ವಾರದ ದುಡಿಮೆ ವ್ಯರ್ಥವಾಯಿತು. “ನಿನಗೆ ತಿಳಿಯದಿದ್ದುದು ತಪ್ಪಲ್ಲ, ತಿಳಿಯಲಿಲ್ಲವೆಂದು ಹೇಳದಿದ್ದುದು ತಪ್ಪು” ಎಂದರಂತೆ ಅವರು.

ರಜೆಯಲ್ಲಿ ಊರಿಗೆ ಬಂದವನು ಇದನ್ನು ಹೇಳಿ, “ಮೇಷ್ಟ್ರೇ, ಹಿರಿಯರು ಹೇಳುವಾಗ ಎದುರು ಪ್ರಶ್ನೆ ಕೇಳಬಾರದು ಅಂತ ನೀವೇ ಅಲ್ಲವೇ ಕಲಿಸಿದ್ದು?” ಎಂದು ನಕ್ಕ. ನನಗೆ ನಗಲಾಗಲಿಲ್ಲ. ಮೌನವಾಗಿ ಕುಳಿತವರನ್ನೇ ನಾನು ಜೀವಮಾನವೆಲ್ಲ ಒಳ್ಳೆಯ ವಿದ್ಯಾರ್ಥಿಗಳೆಂದು ಎಣಿಸಿದ್ದೆ. ನಮ್ಮಲ್ಲಿ ವಿನಯವೆನಿಸಿದ ಮೌನ ಅಲ್ಲಿಯ ಕಾರ್ಖಾನೆಯಲ್ಲಿ ಅಪಾಯವೆನಿಸುತ್ತದೆ. ಒಂದು ಯಂತ್ರದ ಸುತ್ತ ಹತ್ತು ಜನ ದುಡಿಯುವಾಗ, ಒಬ್ಬನ ಹುಸಿ ‘ಹೂಂ’ ಉಳಿದ ಒಂಬತ್ತು ಮಂದಿಯ ಲೆಕ್ಕವನ್ನು ಕೆಡಿಸುತ್ತದೆ. ಹಾಗಾದರೆ ಅಲ್ಲಿ ಪ್ರಶ್ನೆ ಕೇಳುವುದೂ ಯಂತ್ರವಿದ್ಯೆಯ ಒಂದು ಭಾಗವೇ. ಅದನ್ನು ಸಂಸ್ಕೃತಿಯ ಪಾಠವೆಂದು ಬೇರೆ ಕಟ್ಟಿಡಲು ಬರುವುದಿಲ್ಲ.

ಇದನ್ನು ಮನಗಂಡು ನಡೆದ ಪ್ರಯೋಗವೊಂದಿದೆ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕ ಜಾನ್ ಗ್ರಾಂಡಿನ್ ಮತ್ತು ಇಂಜಿನಿಯರಿಂಗ್ ವಿಭಾಗದ ಡೀನ್ ಹರ್ಮನ್ ವೀಟ್ಸ್ 1987ರಲ್ಲಿ ಐದು ವರ್ಷಗಳ ಶಿಕ್ಷಣಕ್ರಮವೊಂದನ್ನು ಆರಂಭಿಸಿದರು. ವಿದ್ಯಾರ್ಥಿ ಮೊದಲ ವರ್ಷದಿಂದಲೇ ಯಂತ್ರಶಾಸ್ತ್ರವನ್ನೂ ಜರ್ಮನ್ ಭಾಷೆಯನ್ನೂ ಜೊತೆಯಾಗಿ ಓದುತ್ತಾನೆ. ನಾಲ್ಕನೆಯ ವರ್ಷ ಜರ್ಮನಿಗೆ ಹೋಗಿ ಅರ್ಧ ಕಾಲ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಲಿತು, ಉಳಿದರ್ಧ ಕಾಲ ಕಂಪನಿಯೊಂದರಲ್ಲಿ ದುಡಿಯುತ್ತಾನೆ. ಕೊನೆಯ ವರ್ಷ ಹಿಂದಿರುಗಿ, ಎರಡು ಪದವಿಗಳನ್ನು ಪಡೆಯುತ್ತಾನೆ. ಈ ಕ್ರಮ ಮುಂದೆ ಫ್ರೆಂಚ್, ಸ್ಪ್ಯಾನಿಷ್, ಚೀನೀ ಭಾಷೆಗಳಿಗೂ ಹಬ್ಬಿತು. ಸಾಹಿತ್ಯದ ಮೇಷ್ಟರೂ ಯಂತ್ರದ ಮೇಷ್ಟರೂ ಒಂದೇ ಮೇಜಿಗೆ ಕುಳಿತದ್ದರ ಫಲವಿದು. ನಮ್ಮ ಕಾಲೇಜುಗಳಲ್ಲಿ ಇವರಿಬ್ಬರೂ ಸಂಧಿಸುವುದು ಹೆಚ್ಚಾಗಿ ವಾರ್ಷಿಕೋತ್ಸವದ ದಿನ!

ನಮ್ಮವರಿಗೆ ಈ ದೃಷ್ಟಿ ಇರಲಿಲ್ಲವೆಂದಲ್ಲ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದರು. ಅವರು ನೋಡಿದ್ದು ಕಾರ್ಖಾನೆಗಳನ್ನು ಮಾತ್ರವಲ್ಲ. ಶಾಲೆಗಳನ್ನೂ ಜನರ ದುಡಿಮೆಯ ಶಿಸ್ತನ್ನೂ ನೋಡಿದರು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದಾಗ ಕಡ್ಡಾಯ ಶಿಕ್ಷಣದ ಕಾಯಿದೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. ಯಂತ್ರವನ್ನು ಹಡಗಿನಲ್ಲಿ ತರಿಸಬಹುದು. ಅದನ್ನು ನಡೆಸುವ ಜನವನ್ನು ಇಲ್ಲಿಯೇ ಬೆಳೆಸಬೇಕು ಎಂಬ ತಿಳಿವು ಈ ಕೆಲಸಗಳ ಹಿಂದೆ ಕಾಣುತ್ತದೆ.

ಇನ್ನೊಂದು ಮಾತು. ಕಲಿಕೆ ಎರಡು ಕಡೆಯಿಂದಲೂ ಹರಿಯಬೇಕು. ನಮ್ಮ ಹುಡುಗನನ್ನು ಅಲ್ಲಿಯ ಗುರುಗಳೊಬ್ಬರು ಊಟದ ಹೊತ್ತಿನಲ್ಲಿ, “ಬತ್ತದ ಹೊಳೆಯೊಂದೂ ಇಲ್ಲದ ನಿಮ್ಮ ಜಿಲ್ಲೆಯಲ್ಲಿ ನೀರನ್ನು ಹೇಗೆ ಕಾಪಾಡಿಕೊಂಡು ಬಂದಿರಿ?” ಎಂದು ವಿಚಾರಿಸಿದರಂತೆ. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆ ತುಂಬುವ ಸರಪಣಿ, ತೂಬು, ನೀರಗಂಟಿಯ ಹಂಚಿಕೆ, 2018ರಿಂದೀಚೆಗೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು ಕೋಲಾರದ ಕೆರೆಗಳನ್ನು ತುಂಬುತ್ತಿರುವುದು, ಅದರ ಸುತ್ತಲಿನ ವಾದವಿವಾದ, ಇವು ಯಾವುದನ್ನೂ ಅವನು ಹೇಳಲಾರದೆ ಹೋದ. ಕೆರೆಯ ಏರಿಯ ಮೇಲೆಯೇ ನಡೆದು ಶಾಲೆಗೆ ಹೋಗಿದ್ದವನು! ತನ್ನ ಮನೆಯನ್ನು ಅರಿಯದವನಿಗೆ ಪರರ ಮನೆ ಬರಿಯ ಬೆರಗಾಗುತ್ತದೆ, ಇಲ್ಲವೆ ಬರಿಯ ತಿರಸ್ಕಾರವಾಗುತ್ತದೆ.

ಆದ್ದರಿಂದ ಪರದೇಶಕ್ಕೆ ಹೊರಟ ಮಕ್ಕಳ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ. ಸಾಲದ ಲೆಕ್ಕ, ವೀಸಾದ ಓಡಾಟಗಳ ನಡುವೆ ಹೋಗುವ ನಾಡಿನ ಭಾಷೆಗೆ ಒಂದು ವರ್ಷವನ್ನಾದರೂ ಕೊಡಿಸಿ. ಅಲ್ಲಿ ನಮ್ಮವರ ಗುಂಪಿನೊಳಗೇ ಉಂಡು ಮಲಗದೆ, ಕೆಲಸಗಾರರೊಡನೆ ಕುಳಿತು ಊಟ ಮಾಡಲು ಹೇಳಿ. ಹೊರಡುವ ಮುನ್ನ ತಮ್ಮ ಊರಿನ ಕೆರೆಯನ್ನು ಒಮ್ಮೆ ಸುತ್ತಿ ಬರಲಿ. ಕಾಲೇಜುಗಳಿಗೂ ಒಂದು ಮಾತು: ಹಿಂದಿರುಗಿದವರನ್ನು ಕರೆಸಿ, ಸಂಬಳವೆಷ್ಟೆಂದು ಕೇಳುವ ಬದಲು, ಎಲ್ಲಿ ಎಡವಿದಿರಿ ಎಂದು ಕೇಳಿ. ಮುಂದೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯವಿಲ್ಲ.

ನಮ್ಮ ಹುಡುಗ ರಜೆ ಮುಗಿಸಿ ಮತ್ತೆ ಹೋಗಿದ್ದಾನೆ. ಹೊರಡುವ ಹಿಂದಿನ ಸಂಜೆ ಕೆರೆಯ ಏರಿಯ ಮೇಲೆ ನನ್ನೊಡನೆ ನಡೆದ. ತೂಬಿನ ಬಳಿ ನಿಂತು, “ಇದನ್ನು ಎಷ್ಟು ಎತ್ತಿದರೆ ಎಷ್ಟು ನೀರು ಹೋಗುತ್ತದೆ, ಮೇಷ್ಟ್ರೇ?” ಎಂದು ಕೇಳಿದ. ನನಗೆ ತಿಳಿದಿರಲಿಲ್ಲ. ತಿಳಿಯದು ಎಂದೆ. ಇಬ್ಬರೂ ಕೂಡಿ ಹಿರಿಯ ನೀರಗಂಟಿಯ ಮನೆಯನ್ನು ಹುಡುಕಿಕೊಂಡು ಹೋದೆವು.