ಬೋದಿಗೆಯ ಮೂಲೆಯ ಸಿಂಹ: ರೋಮನೆಸ್ಕ್ ಶಿಲ್ಪದ ಪ್ರಾಣಿರೂಪಗಳು

ಸುಮಾರು 1125ರಲ್ಲಿ ಸಿಸ್ಟರ್ಷಿಯನ್ ಪಂಥದ ಸಂತ ಬರ್ನಾರ್ಡನು ಮಠಾಧಿಪತಿಯಾಗಿದ್ದ ತನ್ನ ಮಿತ್ರ ವಿಲಿಯಮನನ್ನು ಉದ್ದೇಶಿಸಿ ಬರೆದ ಲ್ಯಾಟಿನ್ ಗ್ರಂಥವೊಂದರಲ್ಲಿ, ಮಠಗಳ ಪಡಸಾಲೆಗಳನ್ನು ತುಂಬಿದ್ದ ಕೋತಿ, ಸಿಂಹ, ಅರ್ಧಮಾನವರ ಶಿಲ್ಪಗಳನ್ನು ಕಟುವಾಗಿ ಟೀಕಿಸಿದ್ದಾನೆ. ಸನ್ಯಾಸಿಗಳು ಪುಸ್ತಕವನ್ನು ಬಿಟ್ಟು ಕಲ್ಲನ್ನು ಓದತೊಡಗುತ್ತಾರೆಂಬುದು ಅವನ ಆಕ್ಷೇಪ. ಅಸಂಬದ್ಧತೆಗೆ ನಾಚದವರು ಖರ್ಚಿಗಾದರೂ ಅಂಜಬಾರದೆ ಎಂಬುದು ಕೊನೆಯ ಚುಚ್ಚುಮಾತಿನ ತಾತ್ಪರ್ಯ. ಅವನ ಪಟ್ಟಿಯಲ್ಲಿ ಒಂದೇ ತಲೆಗೆ ಹಲವು ಒಡಲುಗಳುಳ್ಳ ಪ್ರಾಣಿಯೂ ಇದೆ. ಗಂಡಭೇರುಂಡವನ್ನು ಬಲ್ಲ ಓದುಗರಿಗೆ ಇದು ಅದರ ತಿರುವುಮುರುವಾಗಿ ತೋರೀತು. ರೋಮನೆಸ್ಕ್ ಶಿಲ್ಪದ ಪ್ರಾಣಿಗಳಿಗೆ ಅರ್ಥವುಂಟೇ, ಅವು ಬರಿಯ ಅಲಂಕಾರವೇ ಎಂಬ ದೀರ್ಘ ಚರ್ಚೆಯನ್ನು ಈ ವಿಚಿತ್ರ ಜೀವಿಯಿಂದಲೇ ಆರಂಭಿಸಬಹುದು.

ಹನ್ನೊಂದನೆಯ ಶತಮಾನದ ಶಿಲ್ಪಿಗೆ ಮಾದರಿಯಾಗಿದ್ದುದು ರೋಮನರ ಕೊರಿಂಥಿಯನ್ ಬೋದಿಗೆ. ಕೆಳಗೆ ದುಂಡು ಕಂಬ, ಮೇಲೆ ಚೌಕ ಹಲಗೆ. ದುಂಡು ಚೌಕವಾಗುವಲ್ಲಿ ನಾಲ್ಕು ಮೂಲೆಗಳು ಮುಂಚಾಚುತ್ತವೆ. ರೋಮನರು ಅಲ್ಲಿ ಸುರುಳಿಗಳನ್ನು ಇರಿಸಿದ್ದರು. ಹೊಸ ಶಿಲ್ಪಿ ಸುರುಳಿಯ ಜಾಗದಲ್ಲಿ ಸಿಂಹದ ತಲೆಯನ್ನು ಕಡೆದು, ಅಕ್ಕಪಕ್ಕದ ಎರಡು ಮುಖಗಳಲ್ಲಿ ಒಂದೊಂದು ಒಡಲನ್ನು ಹರಿಯಬಿಟ್ಟನು. ಯಾವ ಬದಿಯಿಂದ ನೋಡಿದರೂ ಒಂದು ಇಡೀ ಸಿಂಹ. ಮೂಲೆಗೆ ಬಂದು ನಿಂತವನಿಗೆ ಮಾತ್ರ ಗುಟ್ಟು ತಿಳಿಯುತ್ತದೆ. ಬರ್ನಾರ್ಡನ ಆಕ್ಷೇಪಕ್ಕೆ ಕಿವಿಗೊಡದೆ 1130ರ ದಶಕದಲ್ಲಿ ಪಿರನೀಸ್ ತಪ್ಪಲಿನ ಕುಕ್ಸಾ ಮಠದವರು ಕಡೆಯಿಸಿದ ಇಂಥ ಬೋದಿಗೆಗಳು ಈಗ ನ್ಯೂಯಾರ್ಕಿನ ಕ್ಲಾಯ್‌ಸ್ಟರ್ಸ್ ಸಂಗ್ರಹಾಲಯದಲ್ಲಿವೆ.

ವಾಸ್ತುವಿನ ಚೌಕಟ್ಟೇ ಆಕೃತಿಯನ್ನು ಹಿಗ್ಗಿಸುತ್ತದೆ, ಬಗ್ಗಿಸುತ್ತದೆ ಎಂದು ಫ್ರೆಂಚ್ ವಿದ್ವಾಂಸ ಆಂರಿ ಫೋಸಿಯೋಂ 1931ರಲ್ಲಿ ವಾದಿಸಿದ್ದು ಇಂಥ ನಿದರ್ಶನಗಳನ್ನು ಕಂಡೇ. ಎಮಿಲ್ ಮಾಲ್ ಎದುರುಬದುರು ನಿಂತ ಪ್ರಾಣಿಜೋಡಿಗಳ ಮೂಲವನ್ನು ಪೂರ್ವದೇಶದ ರೇಷ್ಮೆಗಳಲ್ಲಿ ಅರಸಿದನು. ಅದೂ ನಿರಾಧಾರವಲ್ಲ: 961ಕ್ಕಿಂತ ಮೊದಲು ಖುರಾಸಾನಿನಲ್ಲಿ ನೇಯ್ದ, ಎದುರುಬದುರಾದ ಆನೆಗಳ ರೇಷ್ಮೆಯೊಂದು ಉತ್ತರ ಫ್ರಾನ್ಸಿನಲ್ಲಿ ಸಂತನೊಬ್ಬನ ಅಸ್ಥಿಗಳಿಗೆ ಹೊದಿಕೆಯಾಗಿತ್ತು, ಅದರ ತುಂಡುಗಳು ಲೂವ್ರ್‌ನಲ್ಲಿವೆ.

ಹಾಗಾದರೆ ಅರ್ಥವೇ ಇಲ್ಲವೆ? 'ಫಿಸಿಯೊಲೋಗಸ್' ಎಂಬ ಪ್ರಾಚೀನ ಪ್ರಾಣಿಗ್ರಂಥದಲ್ಲಿ ಸತ್ತು ಹುಟ್ಟಿದ ಸಿಂಹದ ಮರಿಗೆ ತಂದೆ ಮೂರನೆಯ ದಿನ ಉಸಿರೂದಿ ಜೀವ ಕೊಡುತ್ತದೆ. ಅದು ಕ್ರಿಸ್ತನ ಪುನರುತ್ಥಾನದ ಸಂಕೇತ. ಬೋದಿಗೆಯ ಪ್ರತಿಯೊಂದು ಸಿಂಹಕ್ಕೂ ಈ ಕಥೆಯನ್ನು ತೊಡಿಸುವುದು ಪಾಂಡಿತ್ಯದ ಅತಿರೇಕವೇ ಸರಿ. ಆದರೆ ಅರ್ಥ ಗ್ರಂಥದಿಂದಲೇ ಬರಬೇಕೆಂದಿಲ್ಲ. ಬೆನೆಡಿಕ್ಟನ ನಿಯಮದಂತೆ ಸನ್ಯಾಸಿಗಳು ವಾರಕ್ಕೊಮ್ಮೆ ಕೀರ್ತನೆಗಳೆಲ್ಲವನ್ನೂ ಪಠಿಸುತ್ತಿದ್ದರು. ಸಿಂಹದ ಬಾಯಿಂದ ಬಿಡಿಸೆಂಬ ಮೊರೆ ಅಲ್ಲೇ ಇದೆ. ಮನುಷ್ಯನನ್ನು ಕಚ್ಚಿದ ಮೃಗ ಅವರಿಗೆ ಬರಿಯ ಬಳ್ಳಿಯ ಅಲಂಕಾರವಾಗಿ ಕಂಡಿರಲಾರದು.

ಫ್ರಾನ್ಸಿನ ಸೂಯಾಕ್ ಚರ್ಚಿನ ಶಿಲ್ಪಕಂಬದಲ್ಲಿ ಚೌಕಟ್ಟಿನ ನಿಯಮವೂ ತಲೆಕೆಳಗಾಗುತ್ತದೆ. ಒಂದನ್ನೊಂದು ಹೆಣೆದುಕೊಂಡು ಕಬಳಿಸುವ ಮೃಗಗಳ ಒತ್ತಡಕ್ಕೆ ಅಂಚಿನ ಕಿರುಗಂಬಗಳೇ ಡೊಂಕಾಗಿವೆ. ಮೃಗವೊಂದರ ಬಾಯಲ್ಲಿ ಮನುಷ್ಯನಿದ್ದಾನೆ. ಅದೇ ಕಂಬದ ಒಂದು ಪಕ್ಕದಲ್ಲಿ ಅಬ್ರಹಾಮನು ಇಸಾಕನನ್ನು ಬಲಿಕೊಡಲು ಕತ್ತಿಯೆತ್ತಿದ್ದಾನೆ, ಮೇಲಿನಿಂದ ದೇವದೂತನು ಇಳಿಯುತ್ತಿದ್ದಾನೆ.