ಸೊಂಡಿಲಿಗೆ ಎಷ್ಟು ಬಿಂದು ಬೇಕು?

ದಸರಾ ಹತ್ತಿರವಾದಂತೆ ಮೈಸೂರಿನಲ್ಲಿ ಆನೆಗಳ ತಾಲೀಮು ಶುರುವಾಗುತ್ತದೆ. ಬೆನ್ನ ಮೇಲೆ ಮರಳಿನ ಮೂಟೆ ಹೊತ್ತ ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತವೆ. ಅನಿಮೇಶನ್ ಕಲಿಯುವವರು ಆಗ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತು ಸೊಂಡಿಲನ್ನೇ ದಿಟ್ಟಿಸಬೇಕು. ಅದರೊಳಗೆ ಮೂಳೆಯಿಲ್ಲ, ಬರೀ ಸ್ನಾಯು. ಹಾಗಾಗಿ ಎತ್ತ ಬಾಗಿದರೂ ಅದು ಎಲ್ಲೂ ಮುರಿದಂತೆ ಕಾಣದು. ಅದೇ ಸೊಂಡಿಲನ್ನು ವೆಕ್ಟರ್ ಸಾಫ್ಟ್‌ವೇರಿನಲ್ಲಿ ಬರೆಯಹೊರಟರೆ ಹೊಸಬರ ಕೈಯಲ್ಲಿ ಗೆರೆ ಗಂಟುಗಂಟಾಗುತ್ತದೆ. ತಪ್ಪು ಹೆಚ್ಚಿನ ಸಲ ಒಂದೇ: ಬಿಂದುಗಳು ಬೇಕಾದ್ದಕ್ಕಿಂತ ಹೆಚ್ಚಾಗಿರುತ್ತವೆ.

ಫೋಟೋ ಎಂದರೆ ಬಣ್ಣದ ಚುಕ್ಕೆಗಳ ರಾಶಿ. ವೆಕ್ಟರ್ ಚಿತ್ರದಲ್ಲಿ ಚುಕ್ಕೆಗಳಿಲ್ಲ, ಗೆರೆಯ ಲೆಕ್ಕ ಮಾತ್ರ ಇರುತ್ತದೆ. ಗೆರೆಯ ಒಂದೊಂದು ತುಂಡಿಗೂ ನಾಲ್ಕು ಬಿಂದು ಸಾಕು. ಎರಡು ತುದಿಗಳಲ್ಲಿ ಒಂದೊಂದು ನೋಡ್, ಪ್ರತಿ ನೋಡ್‌ನಿಂದ ಹೊರಚಾಚಿದ ಒಂದೊಂದು ಹ್ಯಾಂಡಲ್. ಗೆರೆ ನೋಡ್‌ಗಳನ್ನು ಮುಟ್ಟುತ್ತದೆ. ಹ್ಯಾಂಡಲಿನ ತುದಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಅದರ ಕಡೆಗೆ ವಾಲುತ್ತದೆ ಅಷ್ಟೆ.

ಒಳಗಿನ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. ನಾಲ್ಕು ಬಿಂದುಗಳನ್ನು ಅನುಕ್ರಮವಾಗಿ ಮೂರು ಸರಳರೇಖೆಗಳಿಂದ ಜೋಡಿಸಿ. ಆ ಮೂರರ ನಡುಬಿಂದುಗಳನ್ನು ಗುರುತಿಸಿ ಜೋಡಿಸಿದರೆ ಎರಡು ರೇಖೆ. ಆ ಎರಡರ ನಡುಬಿಂದುಗಳನ್ನು ಜೋಡಿಸಿದರೆ ಒಂದೇ ರೇಖೆ. ಅದರ ನಡುಬಿಂದು ನಿಮ್ಮ ವಕ್ರರೇಖೆಯ ಮೇಲಿದೆ! ಅರ್ಧದ ಬದಲು ಕಾಲು ಭಾಗ, ಮುಕ್ಕಾಲು ಭಾಗ ಎಂದು ಗುರುತಿಸುತ್ತ ಹೋದರೆ ಇಡೀ ಗೆರೆ ಕಣ್ಣ ಮುಂದೆ ಮೂಡುತ್ತದೆ. ಬರೀ ಸರಳರೇಖೆಗಳಿಂದ ಇಷ್ಟು ನಯವಾದ ಬಾಗು ಹುಟ್ಟುವುದನ್ನು ಶಾಲೆಯ ಮಕ್ಕಳಿಗೆ ತೋರಿಸಲೇಬೇಕು.

ಈ ವಿಧಾನ ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ಹುಟ್ಟಿದ್ದು. ಸಿಟ್ರೊಯೆನ್ ಕಂಪನಿಯ ಗಣಿತಜ್ಞ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಇದನ್ನು ಕಂಡುಕೊಂಡರೂ ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು. ರೆನೋ ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯೆ ಸ್ವತಂತ್ರವಾಗಿ ಅದೇ ವಕ್ರರೇಖೆಗಳಿಗೆ ತಲುಪಿ 1960ರ ದಶಕದಲ್ಲಿ ಪ್ರಕಟಿಸಿದರು. ಹೆಸರು ಬೆಜಿಯೆ ಪಾಲಾಯಿತು. ಕಾರಿನ ಮೈಗೆಂದು ಬಂದ ಗಣಿತವೇ ಇಂದು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳ ದುಂಡನೆಯ ಅಂಚುಗಳನ್ನೂ ಬರೆಯುತ್ತಿದೆ.

ಎಷ್ಟು ಕಡಿಮೆ ಬಿಂದುಗಳಲ್ಲಿ ಎಷ್ಟು ಕೆಲಸವಾಗುತ್ತದೆ ನೋಡಿ. ವೃತ್ತಕ್ಕೆ ನಾಲ್ಕೇ ನೋಡ್ ಸಾಕು, ಪ್ರತಿ ಹ್ಯಾಂಡಲಿನ ಉದ್ದ ತ್ರಿಜ್ಯದ 0.5523 ಪಟ್ಟು ಇರಬೇಕು. ಗಣಿತದ ಕಟ್ಟುನಿಟ್ಟಿನಲ್ಲಿ ಅದು ನಿಜವಾದ ವೃತ್ತವಲ್ಲ. ಆದರೆ 10 ಮೀಟರ್ ತ್ರಿಜ್ಯದ ವೃತ್ತ ಬರೆದರೂ ತಪ್ಪು 3 ಮಿಲಿಮೀಟರ್ ಮೀರುವುದಿಲ್ಲ. ಇನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿದ ಸೊಂಡಿಲಿನ ಅಂಚಂತೂ ಒಂದೇ ತುಂಡಿನಲ್ಲಿ ಬರುತ್ತದೆ. ಬುಡಕ್ಕೊಂದು, ತುದಿಗೊಂದು ನೋಡ್. ಹ್ಯಾಂಡಲುಗಳು ಗೆರೆಯ ಸುಮಾರು ಮೂರನೇ ಒಂದು ಭಾಗದಷ್ಟು ಉದ್ದ. ತುದಿ ಸುರುಳಿಯಾಗಿದ್ದರೆ ಇನ್ನೊಂದೆರಡು ನೋಡ್ ಬೇಕಾದೀತು.

ಮೌಸ್ ಹಿಡಿದು ಒಂದೇ ಎಳೆತದಲ್ಲಿ ಬರೆದಾಗ ಹೀಗಾಗುವುದಿಲ್ಲ. ಕೈಯ ಸಣ್ಣ ನಡುಕವನ್ನೂ ಸಾಫ್ಟ್‌ವೇರ್ ನಂಬಿ ಅಲ್ಲೊಂದು ನೋಡ್ ಇಡುತ್ತದೆ. ಆಮೇಲೆ ಎಲ್ಲ ನೋಡ್‌ಗಳನ್ನೂ ‘ಸ್ಮೂತ್’ ಮಾಡಿದರೂ ಗೆರೆ ಅಂಕುಡೊಂಕಾಗಿಯೇ ಉಳಿಯುತ್ತದೆ. ಏಕೆಂದರೆ ಆ ಆಜ್ಞೆ ಎರಡೂ ಬದಿಯ ಹ್ಯಾಂಡಲುಗಳನ್ನು ಒಂದೇ ನೇರಕ್ಕೆ ತರುತ್ತದೆಯೇ ಹೊರತು ಬಾಗಿನ ಬಿಗಿಯನ್ನು ಸರಿದೂಗಿಸುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುವವರಿಗೆ ಇದು ಬೇಗ ಅರ್ಥವಾದೀತು. ನೇರ ರಸ್ತೆಗೆ ವೃತ್ತಾಕಾರದ ತಿರುವನ್ನು ನೇರವಾಗಿ ಅಂಟಿಸಿದರೆ ದಿಕ್ಕು ಕೂಡಿಕೊಂಡರೂ ಸ್ಟೀರಿಂಗನ್ನು ಆ ಜಾಗದಲ್ಲಿ ಥಟ್ಟನೆ ತಿರುಗಿಸಬೇಕಾಗುತ್ತದೆ. ಅದಕ್ಕೇ ರಸ್ತೆ ಇಂಜಿನಿಯರುಗಳು ನಡುವೆ ಬಾಗು ಮೆಲ್ಲಮೆಲ್ಲನೆ ಬಿಗಿಯಾಗುವ ಒಂದು ತುಂಡು ಸೇರಿಸುತ್ತಾರೆ. ಬೆಜಿಯೆ ತುಂಡೊಂದರ ಒಳಗೆ ಬಾಗು ಥಟ್ಟನೆ ಜಿಗಿಯುವುದಿಲ್ಲ, ಜಿಗಿತವೆಲ್ಲ ನೋಡ್‌ಗಳಲ್ಲಿ. ಹಾಗಾಗಿ ಗೆರೆ ಒರಟಾದಾಗ ನೋಡ್ ಸೇರಿಸಬೇಡಿ, ಅಳಿಸಿ. ಉಳಿದ ಹ್ಯಾಂಡಲುಗಳನ್ನು ಎಳೆದು ಹೊಂದಿಸಿ. ಇಂಕ್‌ಸ್ಕೇಪ್ ಎಂಬ ವೆಕ್ಟರ್ ಸಾಫ್ಟ್‌ವೇರಿನ ‘ಸಿಂಪ್ಲಿಫೈ’ ಆಜ್ಞೆ ನೋಡ್‌ಗಳನ್ನು ತಾನೇ ಇಳಿಸುತ್ತದೆ. ಆದರೆ ಯಾವುದು ಉಳಿಯಬೇಕು ಎಂಬುದನ್ನು ಕಣ್ಣು ನಿರ್ಧರಿಸುವುದೇ ಒಳ್ಳೆಯದು.

ಆ ಕಣ್ಣು ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಕಾರರು ಹುಣಸೆ ಕಡ್ಡಿಯ ಇದ್ದಿಲಿನಿಂದ ಮೊದಲ ರೇಖೆ ಎಳೆಯುತ್ತಿದ್ದರು, ಬಣ್ಣ, ಚಿನ್ನದ ರೇಕು ಎಲ್ಲ ಆಮೇಲೆ. ಈ ಶೈಲಿಯ ಚಿತ್ರಗಳಲ್ಲಿ ದೇವತೆಗಳ ತೋಳಿನ ಗೆರೆ ನೋಡಿ: ಭುಜದಿಂದ ಹೊರಟದ್ದು ಮಣಿಕಟ್ಟಿನವರೆಗೆ ತಡವರಿಸುವುದಿಲ್ಲ. ತಿರುವು ಎಲ್ಲಿ ಎಂದು ಮೊದಲೇ ಅರಿತ ಕೈಯ ಕೆಲಸ ಅದು. ವೆಕ್ಟರ್ ಚಿತ್ರಕಾರ ನೋಡ್ ಇಡಬೇಕಾದದ್ದೂ ಅಂಥ ತಿರುವುಗಳಲ್ಲೇ.

ಚಿತ್ರ ಚಲಿಸಲು ತೊಡಗಿದರೆ ಬಿಂದುಗಳ ಮಿತವ್ಯಯದ ಬೆಲೆ ಇನ್ನೂ ಹೆಚ್ಚು. ಸೊಂಡಿಲು ಇಳಿಬಿಟ್ಟದ್ದು ಒಂದು ಕೀಫ್ರೇಮ್, ಮುಂದಕ್ಕೆ ನೇರ ಚಾಚಿದ್ದು ಇನ್ನೊಂದು. ನಡುವಿನ ಚಿತ್ರಗಳನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ, ಮೊದಲ ಚಿತ್ರದ ಒಂದೊಂದು ನೋಡ್ ಎರಡನೆಯದರ ತನ್ನ ಜೋಡಿಯತ್ತ ಸರಿಯುತ್ತದೆ. ಎರಡರಲ್ಲೂ ನೋಡ್‌ಗಳ ಸಂಖ್ಯೆ, ಸರದಿ ಒಂದೇ ಇರದಿದ್ದರೆ ಗೆರೆ ಹೊಸೆದುಕೊಳ್ಳುತ್ತದೆ. ಮೂರು ನೋಡ್‌ಗಳ ಜೋಡಿ ನೋಡಿಕೊಳ್ಳುವುದು ಸುಲಭ, ಅರವತ್ತರದ್ದು ಶಿಕ್ಷೆ.

ಇಲ್ಲಿ ಇನ್ನೊಂದು ತೊಡಕಿದೆ. ನೋಡ್ ಸರಿಯುವುದು ನೇರ ದಾರಿಯಲ್ಲಿ, ಸೊಂಡಿಲಿನ ತುದಿ ಬೀಸುವುದು ಕಮಾನಿನಲ್ಲಿ. 90 ಡಿಗ್ರಿ ಬೀಸುವಾಗ ನಡುವಿನ ಫ್ರೇಮಿನಲ್ಲಿ ಬುಡದಿಂದ ತುದಿಗಿರುವ ದೂರ 0.707 ಪಟ್ಟಿಗೆ ಇಳಿಯುತ್ತದೆ, ಅಂದರೆ ಸೊಂಡಿಲು ಶೇ. 29ರಷ್ಟು ಕುಗ್ಗಿ ಮತ್ತೆ ಬೆಳೆದಂತೆ ಕಾಣುತ್ತದೆ. ನಡುವೆ ಕೈಯಾರೆ ಇನ್ನೊಂದು ಕೀಫ್ರೇಮ್ ಬರೆದರೆ ಬಹುಪಾಲು ಸರಿಹೋಗುತ್ತದೆ. ಸಿನ್‌ಫಿಗ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಹ್ಯಾಂಡಲಿನ ಕೋನವನ್ನೂ ಉದ್ದವನ್ನೂ ಬೇರೆಬೇರೆಯಾಗಿ ಚಲಿಸುವಂತೆ ಮಾಡಬಹುದು. ಕೋನ ತಿರುಗುತ್ತದೆ, ಉದ್ದ ಹಾಗೇ ಉಳಿಯುತ್ತದೆ. ಇಲ್ಲವೇ ಸೊಂಡಿಲಿನೊಳಗೆ ಒಂದರ ಹಿಂದೊಂದು ಪುಟ್ಟ ‘ಬೋನ್’ಗಳನ್ನು, ಅಂದರೆ ಸಾಫ್ಟ್‌ವೇರಿನ ಕಾಲ್ಪನಿಕ ಮೂಳೆಗಳನ್ನು, ಜೋಡಿಸಿ, ನೋಡ್‌ಗಳನ್ನು ಅವಕ್ಕೆ ಕಟ್ಟಿ, ಬುಡದಿಂದ ತುದಿಗೆ ಒಂದೊಂದನ್ನೇ ತುಸು ತಡವಾಗಿ ತಿರುಗಿಸಬೇಕು.